ಪರವಾನಗಿಗೆ ಹಚ್ಚಿದ ಕುಂಕುಮ

ಈ ಪುಟ್ಟ ಗುಡ್ಡಗಾಡು ದೇಶವನ್ನು ಗೈಡ್ ಇಲ್ಲದೆ ನಾವು ಗಂಡ ಹೆಂಡತಿ ಇಬ್ಬರೇ ಸುತ್ತುತ್ತಿದ್ದೆವು. ಕಂಪ್ಲಿಯ ನಮ್ಮ ಅಕ್ಕಿ ಗಿರಣಿಗೆ ಹೊಸ ಮೋಟಾರು ಬಂದಾಗ ಮಾಡುವಂತೆ, ಇವರು ಕಣಿವೆಯೊಳಗೆ ಹೋಗಲು ಬೇಕಾದ ನಮ್ಮಿಬ್ಬರ ಪರವಾನಗಿ ಕಾಗದಗಳಿಗೂ ಕುಂಕುಮ ಹಚ್ಚಿ ಕೈಮುಗಿದಿದ್ದರು. ಮೇಲಿದ್ದದ್ದು ನನ್ನ ಕಾಗದ. ದಾರಿಯ ಮಳೆಗೆ ಕುಂಕುಮ ಕರಗಿ ಫೋಟೊದಲ್ಲಿ ನನ್ನ ಮುಖವೇ ಅಳಿಸಿಹೋಗಿತ್ತು; ಕೆಳಗಿದ್ದ ಇವರದು ನೆಟ್ಟಗಿತ್ತು.

ಕಣಿವೆಯ ಗೇಟಿನ ಅಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದರ ಮೇಲೆ ನನ್ನನ್ನು ಒಳಗೆ ಬಿಡಲಾಗದು, ಹೊಸ ಕಾಗದ ಸಿಗುವುದು ನಾಳೆಗೇ ಎಂದು ಹಿಂದಿಯಲ್ಲಿ ಮೆತ್ತಗೆ ಹೇಳಿದ. ನಾಳೆ ನಾವು ಊರಿಗೆ ಹೊರಡುವವರು. ಅವನ ಮೊಹರಿನ ಹಿಡಿಕೆಗೂ ಪೂಜೆಯ ಹಳದಿ ದಾರ ಕಟ್ಟಿತ್ತು.

“ನೀ ಇಲ್ಲೇ ಕುಂದ್ರು, ನಾ ಜಲ್ದಿ ನೋಡ್ಕೊಂಡ್ ಬರ್ತೀನಿ,” ಎಂದರು ಇವರು.

ನನಗೆ ಮೈಯೆಲ್ಲ ಉರಿಯಿತು. “ಹೋಗ್ರಿ. ರೊಟ್ಟಿ ಗಂಟು ಮಾತ್ರ ನನ್ ಕಡೆ ಇರ್ತೈತಿ.”

ಇವರು ತೆಪ್ಪಗೆ ಕೂತರು. ನಾನು ಗಂಟು ಬಿಚ್ಚಿ ಮೊದಲ ರೊಟ್ಟಿಯನ್ನು ಅಧಿಕಾರಿಗೆ ಕೊಟ್ಟೆ.