ನೂರಾ ಕುಸ್ತಿ

“ನಾನೂ ನೂರಾ ಕುಸ್ತಿ ಆಡೀನ್ರಿ, ಮಾಸ್ತರ್ರ,” ಎಂದರು ಗಣಪತಿ ಪೈಲ್ವಾನರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೈಸೂರಿನಿಂದ ಭಾಲ್ಕಿಯ ಶಾಲೆಗೆ ವರ್ಗವಾಗಿ ಬಂದಿದ್ದ ನಾನು, ನೆರೆಮನೆಯ ಈ ಹಿರಿಯರಿಗೆ ಪೈಲ್ವಾನನೊಬ್ಬನ ಕಥೆಯಿದ್ದ ಕಾದಂಬರಿಯನ್ನು ಓದಿ ಹೇಳುತ್ತಿದ್ದೆ. ಅವರು ಕಲಿತದ್ದು ಉರ್ದು ಮಾತ್ರ. ನಾಯಕ ಎದುರಾಳಿಯನ್ನು ಚಿತ್ ಮಾಡಿ ಗೆಲ್ಲುವ ಕೊನೆಯ ಅಧ್ಯಾಯ ನನಗೆ ಬಹಳ ಹಿಡಿಸಿತ್ತು; ಅಂದು ಅದನ್ನೇ ಓದುತ್ತಿದ್ದೆ.

“ನೂರು ಕುಸ್ತಿಯೇ! ಹಾಗಾದರೆ ನಿಮ್ಮ ಮೇಲೇ ಕಾದಂಬರಿ ಬರೆಯಬೇಕು,” ಎಂದೆ.

ಅವರು ನಕ್ಕರು. “ನಿಮ್ಮ ಮೈಸೂರಿನವರ ಕಿವೀಗಿ ನೂರೇ ಕೇಳಸ್ತದ ನೋಡ್ರಿ. ನಾ ಆಡಿದ್ದು ಒಂದೇ. ನೂರಾ ಕುಸ್ತಿ ಅಂದ್ರ, ಯಾರು ಬೀಳಬೇಕಂತ ಮೊದಲೇ ಮಾತಾಡ್ಕೊಂಡು ಆಡೋದು. ನಾ ಬಿದ್ದೆ. ನಮ್ಮಪ್ಪ ಮುಂದೇ ಕುಂತಿದ್ದ. ಸಾಯೋತನಕ ನನ್ ಕೂಡ ಮಾತಾಡ್ಲಿಲ್ಲ.”

ಪುಸ್ತಕದ ಕಡೆ ಕೈ ತೋರಿಸಿದರು. “ಇದರಾಗ ಬಿದ್ದಾಂವ ಮನಿಗಿ ಹ್ಯಾಂಗ ಹೋದ ಅಂತ ಬರದಾರೇನ್ರಿ?”

ಉಳಿದ ಹಾಳೆಗಳನ್ನು ತಿರುವಿದೆ. ಬಿದ್ದವನಿಗೆ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ಎರಡು ಸಲ ಓದಿದ್ದರೂ ನಾನದನ್ನು ಗಮನಿಸಿರಲಿಲ್ಲ.

“ಬರೆದಿಲ್ಲ” ಎಂದೆನೋ, “ಇನ್ನೊಮ್ಮೆ ಹುಡುಕುತ್ತೇನೆ” ಎಂದೆನೋ, ಈಗ ಖಚಿತವಿಲ್ಲ. ಎರಡನೆಯ ಮಾತನ್ನು ನನ್ನ ಸಮಾಧಾನಕ್ಕೆ ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಕಾದಂಬರಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತೇನೆ. ಆದರೆ ಆ ಕೊನೆಯ ಅಧ್ಯಾಯವನ್ನು ಮತ್ತೆ ಯಾರಿಗೂ ಗಟ್ಟಿಯಾಗಿ ಓದಿ ಹೇಳಿಲ್ಲ.