ಗಾಳಿ ಹಿಡಿದ ಪಂಪು

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನೀರಿನ ಮೋಟರ್ ಚಾಲೂ ಮಾಡುವ ಕೆಲಸ ನಮ್ಮ ಕಾಕಾನದು. ಮೋಟರ್ ಬಗ್ಗೆ ಅವನಿಗೆ ಗೊತ್ತಿಲ್ಲದ್ದು ಇಲ್ಲ. ಅದೇ ಜ್ಞಾನದಿಂದ ಸಾಯಲು ಹೊರಟಿದ್ದ.

ಅವನ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಮಾಸ್ಕ್ ಬಿಗಿದು ಮಶೀನಿನಿಂದ ಗಾಳಿ ಒತ್ತುತ್ತಿದ್ದರು. ನರ್ಸ್ ಆಚೆ ಹೋದಳೆಂದರೆ ಕಾಕಾ ಅದನ್ನು ಕಿತ್ತು ಕುತ್ತಿಗೆಗೆ ಇಳಿಸುತ್ತಿದ್ದ. ತುಟಿ ನೀಲಿಯಾಗುತ್ತಿತ್ತು. ಹೀಗೇ ತೆಗೆಯುತ್ತಿದ್ದರೆ ಗಂಟಲಿಗೆ ನಳಿಕೆ ಹಾಕಬೇಕಾಗುತ್ತದೆ, ಆಮೇಲಿನದು ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರ್ ನನಗೆ ಹೇಳಿಬಿಟ್ಟಳು.

ಡಾಕ್ಟರ್ ಧಾರವಾಡದವರ ಮಗಳು. ಹುಟ್ಟಿ ಬೆಳೆದದ್ದು ಇಲ್ಲೇ, ಹಿಂದಿ ಮಾತಿನ ನಡುವೆ. ಅವಳ ಕನ್ನಡ ಎಡವುತ್ತ ಬರುತ್ತಿತ್ತು.

"ಅಂಕಲ್, ಲಂಗ್ಸ್‌ನ ಒಂದೊಂದ್ ಸೆಲ್‌ನ್ಯಾಗ ಛೋಟಾ ಛೋಟಾ ಪಂಪ್ ಇರ್ತಾವ. ಅವು ದೀವಾರ್, ಅಂದ್ರ ಗ್ವಾಡಿಗೆ ಬಂದ್ ಕೂತ್ರ ನೀರು ಹೊರಗ ಹೋಗ್ತದ. ಅವನ್ನ ದೀವಾರ್‌ಗೆ ತರೋದು ಮೋಟರ್ ಪ್ರೋಟೀನ್. ಖರಾಬ್ ಹವಾ ಜಮಾ ಆದ್ರ ಪಂಪ್ ವಾಪಸ್ ಒಳಗ ಹೋಗ್ತಾವ. ಮಾಸ್ಕ್ ತೆಗೀಬ್ಯಾಡ್ರಿ, ಪ್ಲೀಜ್."

ಅವಳು ಬೆನ್ನು ತಿರುಗಿಸಿದ್ದೇ ತಡ, ಕಾಕಾ ಮಾಸ್ಕ್ ಕಿತ್ತ.

"ಈಕಿಗೆ ಏನೂ ತಿಳಿಯಂಗಿಲ್ಲೋ. ಮೋಟರ್ ಅಂದ್ರನ ಪಂಪು. ಮೋಟರ್ ಎಲ್ಲ್ಯಾರ ಪಂಪ್ ಹೊತ್ಕೊಂಡ್ ಅಡ್ಡಾಡ್ತದೇನು? ಮ್ಯಾಲ ಗಾಳಿ ಬ್ಯಾರೆ ಹೊಡಿಯಾಕತ್ತಾರ. ಪಂಪ್ ಗಾಳಿ ಹಿಡಿದ್ರ ನೀರ ಎತ್ತೂದಿಲ್ಲಲೇ!"

ಆಗ ನನ್ನ ತಲೆಗೆ ಹೊಳೆಯಿತು. ಬಿಲ್ಡಿಂಗಿನ ಪಂಪು ಗಾಳಿ ಹಿಡಿದರೆ ಬರೀ ಗುಂಯ್‌ಗುಡುತ್ತದೆ, ಟಾಂಕಿಗೆ ನೀರು ಏರುವುದಿಲ್ಲ. ಕಾಕಾ ನಟ್ಟು ಸಡಿಲಿಸಿ ಗಾಳಿ ಬಿಡಿಸುತ್ತಾನೆ. ಇಲ್ಲಿ ಈ ಮಹಾನುಭಾವ ಮಾಸ್ಕ್ ಸಡಿಲಿಸಿ ರಿಪೇರಿ ಮಾಡುತ್ತಿದ್ದ!

ನಾನು ಕಾಂದಿವಲಿಯ ಗೋಡೌನಿನಲ್ಲಿ ಮಾಲು ಹೊರುವವನು. ನನಗೆ ಗೊತ್ತಿದ್ದ ಭಾಷೆಯಲ್ಲೇ ಹೇಳಿದೆ.

"ಕಾಕಾ, ಅದು ನಿನ್ನ ಮೋಟರ್ ಅಲ್ಲ. ಹಮಾಲ್ರು ಅನ್ಕೋ. ಪಂಪ್ ಹೊತ್ತು ಗ್ವಾಡಿಗೆ ಒಯ್ದು ಇಡ್ತಾರ. ಕೆಟ್ಟ ಹವಾ ತುಂಬಿದ್ರ ಮಾಲು ಒಳಗ ಎಳ್ಕೊಂಡ್ ಹೋಗ್ತಾರ. ಮಾಸ್ಕ್ ಆ ಹವಾ ಹೊರಗ ತಳ್ಳತೈತಿ."

ಕಾಕಾ ಏದುಸಿರಿನಲ್ಲೇ ವಿಚಾರ ಮಾಡಿದ. "ಆ ಹಮಾಲ್ರು ಪರ್ಮನೆಂಟ್ ಏನು, ಕಂತ್ರಾಟದವ್ರೋ?"

"ಸಾಯಾಕತ್ತಿ, ಹಾಕ್ಕೋ ಮೊದ್ಲ!"

"ಹಂಗಂತ ಆಗಳೇ ಹೇಳಬಾರದಾ? ಅಷ್ಟು ಓದ್ಯಾಳ, ಹಮಾಲಗ ಮೋಟರ್ ಅಂತಾಳ."

ಹಾಕಿಕೊಂಡ. ಮತ್ತೆ ತೆಗೆಯಲಿಲ್ಲ. ಸಂಜೆಗೆ ತುಟಿಯ ನೀಲಿ ಇಳಿಯಿತು. ನಳಿಕೆ ಬೇಡ ಎಂದಳು ಡಾಕ್ಟರ್. "ವೆರಿ ಗುಡ್ ಅಂಕಲ್, ನಾನ್ ಹೇಳಿದ್ದು ಸಮಝ್ ಆತಲ್ಲ?"

ಕಾಕಾ ಮಾಸ್ಕಿನೊಳಗೇ ಅವಳಿಗೊಂದು ಹೊಲಸು ಬೈಗುಳ ಬೈದ. ಅವಳಿಗೆ ಅದು ಥ್ಯಾಂಕ್ಯೂ ಅಂತ ಕೇಳಿಸಿರಬೇಕು. "ಇಟ್ಸ್ ಓಕೆ" ಎಂದು ನಕ್ಕು ಹೋದಳು.