ಹೊಳೆಗೆ ಬಿಟ್ಟ ಉಡಿ ಪಾಕೀಟು

ನಮ್ಮ ರಾಮದುರ್ಗದ ಬಳೆಗಾರ ಹಜರತಸಾಬರ ಬಾಯಿ ಎಂಥದೆಂದರೆ, ಬಳೆ ಬೇಡವೆಂದು ಬಾಗಿಲು ಮುಚ್ಚಲು ಬಂದವಳೂ ಎರಡೂ ಕೈತುಂಬ ಇಡಿಸಿಕೊಂಡೇ ಒಳಗೆ ಹೋಗುತ್ತಿದ್ದಳು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಅವರೇ ಬೇಕು. ಕೈ ಹಿಸುಕಿ ಬಳೆ ಏರಿಸುವಾಗ ನೋವು ಗೊತ್ತಾಗದ ಹಾಗೆ ಏನಾದರೊಂದು ಮಾತು ತೆಗೆದು ನಗಿಸುತ್ತಿದ್ದರು. ಆ ಬಾಯಿಯೇ ಕಡೆಗೆ ಅವರಿಗೆ ಮುಳುವಾಯಿತು.

ಶ್ರಾವಣದಲ್ಲಿ ಮಲಪ್ರಭೆ ತುಂಬಿ ಬಂದಾಗ ಹೊಳೆಗೆ ಉಡಿ ತುಂಬುವುದು ನಮ್ಮಲ್ಲಿ ಮೊದಲಿನಿಂದ ಇದೆ. ತುಂಬಿದ ಹೊಳೆಯೆಂದರೆ ಬಸುರಿ ಮಗಳಿದ್ದ ಹಾಗೆ. ಅಕ್ಕಿ, ಅರಿಶಿನ ಕುಂಕುಮ, ಎಲೆ ಅಡಿಕೆ, ಹಸಿರು ಗಾಜಿನ ಬಳೆ, ಕುಪ್ಪಸಕ್ಕೆ ಒಂದು ಖಣ, ಎಲ್ಲವನ್ನೂ ಬಿಡಿಬಿಡಿಯಾಗಿ ನೀರಿಗೆ ಬಿಡುತ್ತಿದ್ದೆವು. ತೊಂಬತ್ತೇಳನೆಯ ಇಸವಿಯ ಸುಮಾರಿಗೆ ಹಜರತಸಾಬರು ಹುಬ್ಬಳ್ಳಿಯಿಂದ ಹೊಸದೊಂದು ಮಾಲು ತಂದರು. ಪ್ಲಾಸ್ಟಿಕ್ ಬಳೆ, ತಲೆ ಬಾಚುವ ಪ್ಲಾಸ್ಟಿಕ್ ಹಣಿಗೆ, ಬೆರಳಗಲದ ಕನ್ನಡಿ, ಕುಂಕುಮದ ಪುಡಿಕೆ, ಹಿಡಿ ಅಕ್ಕಿ, ಎಲ್ಲ ಒಂದೇ ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ ಸೀಲು ಮಾಡಿದ ಉಡಿ ಪಾಕೀಟು. ನನ್ನ ಅತ್ತೆ ಸುಂದರವ್ವ ಮಡಿ ಮೈಲಿಗೆ ಎಂದು ದಿನಾ ಬಡಿದಾಡುವವಳು. ಅದನ್ನು ತಿರುವಿ ಮುರುವಿ ನೋಡಿ ಕೇಳಿದಳು:

"ಇದನ್ನ ಹರದು ಬಿಡಬೇಕೊ, ಹಂಗ ಬಿಡಬೇಕೊ ಸಾಬಣ್ಣಾ?"

"ಹರೀಬ್ಯಾಡ್ರಿ ಅಕ್ಕಾರ. ಯಾರ ಕೈನೂ ತಾಗಿಲ್ಲ, ಅಗದೀ ಮಡಿ. ಇಡೀ ಪಾಕೀಟು ಬಿಟ್ರನ ಹೊಳಿಯವ್ವಗ ಪೂರಾ ಮುಟ್ಟತೈತಿ."

ಶಾಸ್ತ್ರವೂ ಇಲ್ಲ, ಮಣ್ಣೂ ಇಲ್ಲ. ಆ ಗಳಿಗೆಗೆ ಬಾಯಿಗೆ ಬಂದದ್ದು, ಅಷ್ಟೇ. ಸಂಜೆಯೊಳಗೆ ಬುಟ್ಟಿ ಖಾಲಿಯಾಯಿತು. ಮರುವರ್ಷ ಪಕ್ಕದ ಸಾಲಹಳ್ಳಿಯ ಹೆಂಗಸರೂ ಹುಡುಕಿಕೊಂಡು ಬಂದರು. ನಾನೂ ಬಿಟ್ಟೆ. ಸುಳ್ಳೇಕೆ ಹೇಳಲಿ, ಸಾಮಾನು ಹೊಂದಿಸುವ ತಾಪತ್ರಯ ತಪ್ಪಿತ್ತು.

ಹೊಳೆದಂಡೆಯ ಅಂಬಿಗರ ಲಗಮಣ್ಣ ಹಜರತಸಾಬರ ಚಿಕ್ಕಂದಿನ ಗೆಳೆಯ. ಅವನಿಗೆ ಬಲೆ ಬೀಸುವುದೊಂದು ಬಿಟ್ಟು ಬೇರೆ ಕೆಲಸ ಬಾರದು. ಒಳ್ಳೆಯ ಮೀನು ಬಿದ್ದ ದಿನ ಮೊದಲ ಪಾಲು ಸಾಬರ ಮನೆಗೇ. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ನಾನು ಬಳೆ ಇಡಿಸಿಕೊಳ್ಳಲು ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕಾಶಿಂಬಿ ಹಿತ್ತಲಲ್ಲಿ ಲಗಮಣ್ಣ ಕೊಟ್ಟ ಮೀನು ಕೊಯ್ಯುತ್ತಿದ್ದವಳು ಗಂಡನನ್ನು ಕೂಗಿದಳು. ಅವರ ಹಿಂದೆ ನಾನೂ ಎದ್ದು ಹೋದೆ. ಮೀನಿನ ಕರುಳಿನಲ್ಲಿ ಎಳ್ಳಿನಷ್ಟು ಸಣ್ಣ ಹಸಿರು, ಕೆಂಪು ಚೂರುಗಳು. ಅವುಗಳ ನಡುವೆ ಒಂದು ಹಣಿಗೆಯ ಹಲ್ಲು.

"ಇದು ನಿಮ್ಮ ಪಾಕೀಟಿಂದಲ್ಲೇನ್ರಿ?"

ಹಜರತಸಾಬರು ಆ ಹಲ್ಲನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರು. ನನ್ನ ಕೈಯಲ್ಲಿ ಅರ್ಧ ಏರಿಸಿದ ಬಳೆ ಹಾಗೇ ಉಳಿಯಿತು. ಆ ಬೇಸಿಗೆಯಲ್ಲಿ ಅವರು ಬತ್ತಿದ ಹೊಳೆಯ ದಂಡೆಗೆ ಹೋಗಿ ಜಾಲಿಕಂಟಿಗೆ ಸಿಕ್ಕಿಬಿದ್ದ ಹಳೆಯ ಪಾಕೀಟು ಮುಟ್ಟಿ ನೋಡಿದರಂತೆ. ಬಿಸಿಲಿಗೆ ಸುಟ್ಟು ಹಪ್ಪಳದ ಹಾಗೆ ಪುಡಿಯಾಯಿತಂತೆ. ಕಾಲೇಜು ಓದುತ್ತಿದ್ದ ಮಗ ಅಬ್ರಾರ ಬಿಡಿಸಿ ಹೇಳಿದ. "ಅದು ಕೊಳಿಯೂದಿಲ್ಲ ಅಬ್ಬಾ, ಸಣ್ಣ ಆಗ್ಕೋತ ಹೋಗತೈತಿ ಅಷ್ಟ. ಇಲ್ಲಿಂದ ಕೃಷ್ಣಾ ಹೊಳಿಗೆ, ಅಲ್ಲಿಂದ ಸಮುದ್ರಕ್ಕ. ಅಲ್ಲಿ ಮೀನಾನೂ ಅದನ್ನ ತಿಂತಾವು." ಕಾಣದ ಸಮುದ್ರದ ಮಾತು ಕೇಳಿ ಹಜರತಸಾಬರು ಎರಡು ದಿನ ಸರಿಯಾಗಿ ಉಣ್ಣಲಿಲ್ಲವೆಂದು ಕಾಶಿಂಬಿ ನನ್ನೆದುರು ಕಣ್ಣೊರೆಸಿಕೊಂಡಳು.

ಪಾಕೀಟು ಮಾರುವುದನ್ನು ಅವರು ಬಿಟ್ಟರು. ಬಿಟ್ಟರೇನು, ಅಷ್ಟೊತ್ತಿಗೆ ಪೇಟೆಯ ಎಲ್ಲ ಅಂಗಡಿಯಲ್ಲೂ ಅದೇ ತೂಗಾಡುತ್ತಿತ್ತು. ಮೀನಿನ ಸುದ್ದಿಯೂ ಊರೆಲ್ಲ ಹಬ್ಬಿ, ಲಗಮಣ್ಣನ ಬುಟ್ಟಿ ಕಂಡರೆ ಜನ ಮುಖ ತಿರುಗಿಸತೊಡಗಿದರು. ಈ ಶ್ರಾವಣವೂ ಹೀಗೇ ಆದರೆ ಬಲೆ ಮಾರಿ ಇಟ್ಟಂಗಿ ಭಟ್ಟಿಗೆ ಕೂಲಿ ಹೋಗುವುದೇ ಎಂದು ಅವನು ಹೇಳುತ್ತಿದ್ದ. ಅದನ್ನು ತಪ್ಪಿಸಬೇಕೆಂದೇ ಹಜರತಸಾಬರು ಆ ವರ್ಷ ಹೊಳೆಯ ಮೆಟ್ಟಿಲ ಮೇಲೆ ನಿಂತು ಬಂದ ಬಂದ ಹೆಂಗಸರ ಮುಂದೆ ಅಂಗಲಾಚಿದರು.

"ಹರದು ಅಕ್ಕಿ ಕುಂಕುಮ ಅಷ್ಟ ಬಿಡ್ರಿ ಅಕ್ಕಾರ. ಉಳಿದದ್ದು ನನಗ ಕೊಡ್ರಿ."

ನನ್ನ ಅತ್ತೆ ಸಿಡಿದಳು. "ಹಿರೇರ ಕಾಲದಿಂದ ಇಡೀ ಪಾಕೀಟನ ಬಿಡತೇವಿ. ನಮ್ಮ ದೇವ್ರ ಕೆಲಸದಾಗ ನೀ ಬಾಯಿ ಹಾಕಬ್ಯಾಡ."

ಹಿರಿಯರ ಕಾಲವಂತೆ! ನನ್ನ ಮೈ ಉರಿಯಿತು. ಆದರೂ ಅತ್ತೆಯೆದುರು ಬಾಯಿ ಬಿಡುವ ಧೈರ್ಯ ಬರಲಿಲ್ಲ. ಅವಳು ಪಾಕೀಟು ಬಿಟ್ಟಳು.

ಅದು ತೇಲಿ ಹೋಗಿ ಕೆಳಗೆ ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದ ಲಗಮಣ್ಣನ ಬಲೆಗೆ ಸಿಕ್ಕಿತು. ಅವನು ಅದನ್ನು ಬಿಡಿಸಿ, ಕಣ್ಣಿಗೊತ್ತಿಕೊಂಡು, ಮತ್ತೆ ಸೆಳವಿಗೆ ಬಿಟ್ಟ.

"ಏನ್ ಮಾಡಾಕತ್ತೀಯೋ ಲಗಮಣ್ಣಾ?" ಹಜರತಸಾಬರು ಕೂಗಿದರು.

"ಮತ್ತೇನ್ ಮಾಡ್ಲಿ? ಹೊಳಿಯವ್ವನ ಉಡಿ ಇದು. ತಿಪ್ಪಿಗೆ ಒಗೀಲೇನು? ಬಲಿಯಾಗ ಸಿಕ್ಕದ್ದನ್ನೆಲ್ಲಾ ವರ್ಷಾ ಕೈಮುಗದು ತಿರುಗಿ ಬಿಡತೇನಿ."

ಹಜರತಸಾಬರು ಮೆಟ್ಟಿಲ ಮೇಲೆ ಕೂತುಬಿಟ್ಟರು. ತನ್ನ ಅನ್ನಕ್ಕೆ ಕಲ್ಲು ಹಾಕುವ ಪಾಕೀಟನ್ನೇ ಆ ಪುಣ್ಯಾತ್ಮ ಇಷ್ಟು ವರ್ಷ ಭಕ್ತಿಯಿಂದ ನೀರಿಗೆ ಮರಳಿಸಿದ್ದ.

"ಅದು ಶಾಸ್ತ್ರ ಅಲ್ಲೋ ಮಾರಾಯಾ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ಮಾಲು ಹೋಗಲಿ ಅಂತ ನಾ ಹೇಳಿದ ಸುಳ್ಳು. ಇಡೀದ ಬಿಡ್ರಿ ಅಂತ ಕಲಿಸಿದಾಂವ ನಾನ."

ಅತ್ತೆ ಮುಖ ಆಚೆ ತಿರುಗಿಸಿದಳು. ಲಗಮಣ್ಣ ನೀರಿನಿಂದ ಬಲೆ ಎಳೆದುಕೊಂಡ.

"ಹಂಗಾದ್ರ ಇಷ್ಟ ವರ್ಷ ನಾ ಕೈ ಮುಗದದ್ದು ನಿನ್ನ ಸುಳ್ಳಿಗೇನೋ, ಹಜರತಾ?"

ಲಗಮಣ್ಣ ದಂಡೆ ಹತ್ತಿ ಬಂದು ಬಲೆ ಕೆಳಗಿಟ್ಟ. ಅದರಲ್ಲಿ ಸಿಕ್ಕಿಕೊಂಡಿದ್ದ ಪಾಕೀಟುಗಳನ್ನೆಲ್ಲ ಬಿಡಿಸಿ, ಒಂದೊಂದಾಗಿ, ಕೂತಿದ್ದ ಗೆಳೆಯನ ಮಡಿಲಿಗೆ ಹಾಕಿದ. ಈ ಸಲ ಕಣ್ಣಿಗೊತ್ತಿಕೊಳ್ಳಲಿಲ್ಲ.

"ತಗೋ. ನಾಳಿಂದ ಭಟ್ಟಿಗೆ ಹೊಂಟೇನಿ, ಇವನ್ನ ಹಿಡಿಯಾಕ ನಾ ಇರೂದಿಲ್ಲ."